ಸೈನೈಡ್ ದಿಬ್ಬದ ಕೆಳಗೆ ತೊಳೆದ ಪುದೀನ

ಗಾಡಿಗೆ ಟಾರ್ಪಾಲು ಹೊದಿಸಿ ವಾರ ಕಳೆದಿದ್ದರೂ, ಸಂಜೆಯಾದರೆ ಆಂಜನಪ್ಪ ಅದರ ಪಕ್ಕದ ಸ್ಟೂಲಿನ ಮೇಲೆ ಕೂರುವುದನ್ನು ಬಿಟ್ಟಿರಲಿಲ್ಲ. ಪಾನಿಪೂರಿ ಕೇಳಿಕೊಂಡು ಬಂದವರಿಗೆ ಒಬ್ಬೊಬ್ಬರಿಗೂ ಒಂದೊಂದು ಕಾರಣ ಕೊಡುತ್ತಿದ್ದರು. ಒಬ್ಬರಿಗೆ, ಸೊಸೆ ತಿರುಪತಿಗೆ ಹೋಗಿದ್ದಾಳೆ. ಇನ್ನೊಬ್ಬರಿಗೆ, ಗಾಡಿಯ ಚಕ್ರ ಸವೆದಿದೆ. ಮತ್ತೊಬ್ಬರಿಗೆ, ಎದುರಿನ ಗೋಬಿ ಅಂಗಡಿಯವನ ಕಣ್ಣು ಬಿದ್ದಿದೆ. ತಿರುಪತಿಗೆ ಹೋಗಿದ್ದ ಸೊಸೆ ಸುಕನ್ಯ ನಾಲ್ಕು ಹೆಜ್ಜೆ ಆಚೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ನಿಜವಾದ ಕಾರಣ ಬೀದಿಗೆಲ್ಲ ಗೊತ್ತಿತ್ತು. ಅಲ್ಲಿ ತಿಂದವರಲ್ಲಿ ನಾಲ್ವರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದರು. ರೋಗಾಣು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಗಾಡಿ ತೆರೆಯುವಂತಿಲ್ಲ ಎಂದು ಆರೋಗ್ಯ ಇಲಾಖೆಯವರು ಹೇಳಿ ಹೋಗಿದ್ದರು. ಮನೆ ನಡೆಯುತ್ತಿದ್ದುದೇ ಆ ಗಾಡಿಯಿಂದ.

ಸುಕನ್ಯ ಬಂಗಾರಪೇಟೆಯ ಹುಡುಗಿ. ಆ ಊರಿನ ಪಾನಿಪೂರಿಯ ಪಾನಿಗೆ ಬಣ್ಣವಿರುವುದಿಲ್ಲ. ಲೋಟದ ತಳ ಕಾಣುವಷ್ಟು ತಿಳಿ. ಸುಕನ್ಯ ಅದೇ ಬಗೆಯಲ್ಲಿ ನೀರನ್ನು ಕುದಿಸಿ, ಆರಿಸಿ, ಆಮೇಲೆ ಪುದೀನ, ಹಸಿಮೆಣಸಿನಕಾಯಿ ಜಜ್ಜಿ ಬಟ್ಟೆಯಲ್ಲಿ ಕಟ್ಟಿ ಅದರೊಳಗೆ ಇಳಿಬಿಡುತ್ತಿದ್ದರು. ಸೊಪ್ಪು ತೊಳೆದು ತರುವುದೊಂದು ಮಾವನ ಕೆಲಸ. ಊರಿನ ಚಿನ್ನದ ಗಣಿ ಮುಚ್ಚುವವರೆಗೆ ಚಾಂಪಿಯನ್ ರೀಫ್ಸ್‌ನಲ್ಲಿ ನೆಲದಡಿ ದುಡಿದ ಆಂಜನಪ್ಪನವರಿಗೆ ಇದೊಂದು ಕೆಲಸವೇ ಅಲ್ಲ.

ಆರೋಗ್ಯ ಸಹಾಯಕಿ ಧನುಶ್ರೀ ನೀರನ್ನು ಪರೀಕ್ಷೆಗೆಂದು ಎರಡು ಬಾಟಲಿಯಲ್ಲಿ ಒಯ್ದಿದ್ದರು: ಪುದೀನ ಹಾಕುವ ಮುಂಚಿನದು ಒಂದು, ಹಾಕಿದ ಮೇಲಿನದು ಒಂದು. ಮೊದಲನೆಯದು ಶುದ್ಧ. ಎರಡನೆಯದರಲ್ಲಿ ರೋಗಿಗಳಲ್ಲಿ ಸಿಕ್ಕ ರೋಗಾಣುವೇ ಸಿಕ್ಕಿತು.

ಅದು ಕಾಲರಾ ಅಲ್ಲ, ಕಾಲರಾದ ದಾಯಾದಿ ಎಂದು ಆಕೆ ಗಾಡಿಯ ಬಳಿಯೇ ವಿವರಿಸಿದರು. ಕೆರೆಕುಂಟೆಗಳಲ್ಲಿ ತನ್ನ ಪಾಡಿಗೆ ಬದುಕುವ ಜೀವಿ. ಕಾಲರಾ ವಿಷ ತಯಾರಿಸುವ ಜೀನ್ ಇದರಲ್ಲಿಲ್ಲ. ಆದರೆ ಜೀವಕೋಶ ಒಡೆಯುವ ಇನ್ನೊಂದು ವಿಷದ ಜೀನ್ ಇದೆ; ಕರುಳಿನ ಕೋಶಕ್ಕೆ ಸೂಜಿಯಂತೆ ಚುಚ್ಚುವ ಸಾಧನದ ಜೀನುಗಳೂ ಇವೆ.

ಆಂಜನಪ್ಪ ಯೋಚಿಸಿದರು. “ಅಂಗಾದ್ರೆ ಅಣ್ಣನ ಕತ್ತಿ ಇಲ್ಲ, ಸ್ವಂತದ್ದು ಚಾಕು ಮಡಗವ್ನೆ ಅನ್ನು.”

“ಹೌದು ತಾತ. ಸೊಪ್ಪು ಎಲ್ಲಿ ತೊಳೀತೀರ?”

ಬೀದಿ ನಲ್ಲಿಯಲ್ಲಿ ಎಂದು ಉತ್ತರಿಸಿದವರು ಸುಕನ್ಯ. ಆಂಜನಪ್ಪ ಗೋಬಿ ಅಂಗಡಿಯ ಬೋರ್ಡು ಓದತೊಡಗಿದರು. ಅವರಿಗೆ ಓದು ಬಾರದೆಂಬುದು ಸೊಸೆಗೆ ಗೊತ್ತಿತ್ತು.

“ಮಾವ.”

ಅವರು ಎದ್ದು ನಡೆದರು, ಇಬ್ಬರೂ ಹಿಂಬಾಲಿಸಿದರು. ನಲ್ಲಿಯ ಮುಂದೆ ಬಿಂದಿಗೆಗಳ ಸಾಲಿತ್ತು. ಅದನ್ನು ದಾಟಿ, ಗಣಿ ಕಾರ್ಮಿಕರ ಲೈನ್ ಮನೆಗಳನ್ನು ದಾಟಿ, ಅದಿರಿನ ಪುಡಿ ಸುರಿದು ಬೆಟ್ಟವಾದ ಸೈನೈಡ್ ದಿಬ್ಬದ ಬುಡದ ಕುಂಟೆಗೆ ಬಂದರು. ಬಿಸಿಲಿಗೆ ನೀರು ಅರ್ಧಕ್ಕಿಳಿದಿತ್ತು. ಎರಡು ಎಮ್ಮೆಗಳು ಮುಳುಗಿ ಕೂತಿದ್ದವು.

“ನಲ್ಲಿ ನೀರು ಅಂದಿದ್ರಿ?” ಎಂದರು ಸುಕನ್ಯ.

“ನಲ್ಲಿ ದಾಟ್ಕೊಂಡೇ ಬತ್ತಿದ್ನಲ್ಲಮ್ಮ.”

ಹೆಂಗಸರ ಸಾಲಿನಲ್ಲಿ ನಿಲ್ಲುವುದು ಅವರಿಗೆ ಆಗದು. ಅದಲ್ಲದೆ ಅವರ ಲೆಕ್ಕವೇ ಬೇರೆ. ಚಿನ್ನ ತೆಗೆಯಲು ಬಳಸಿದ ಸೈನೈಡ್ ಈ ದಿಬ್ಬದಲ್ಲಿದೆ, ಅದರಿಂದ ಬಸಿದ ನೀರಿನಲ್ಲಿ ಯಾವ ಕ್ರಿಮಿಯೂ ಉಳಿಯದು ಎಂದು ಲೈನ್ ಮನೆಯ ಹಳಬರೆಲ್ಲ ನಂಬಿದ್ದರು. “ಉಲ್ಲೇ ಉಟ್ಟದಿರೋ ಜಾಗದಲ್ಲಿ ಉಳ ಎಂಗಮ್ಮ ಉಟ್ತದೆ?” ಎಂದು ಧನುಶ್ರೀಯನ್ನೇ ಕೇಳಿದರು.

ಸೈನೈಡ್ ಬಿಸಿಲು ಮಳೆಗೆ ಸಿಕ್ಕಿ ಎಂದೋ ನಾಶವಾಗಿರಬೇಕು, ಉಳಿದದ್ದು ಉಪ್ಪು, ಆ ಬೆಚ್ಚನೆಯ ಉಪ್ಪುನೀರು ಈ ರೋಗಾಣುವಿಗೆ ತವರುಮನೆ ಎಂದರು ಆಕೆ. ಆಂಜನಪ್ಪ ಒಪ್ಪಲಿಲ್ಲ. ಬೇಕಾದರೆ ಈಗಲೇ ಕುಡಿದು ತೋರಿಸುತ್ತೇನೆ ಎಂದು ಬೊಗಸೆಯಲ್ಲಿ ನೀರೆತ್ತಿದರು. ಧನುಶ್ರೀ ತಡೆಯಲಿಲ್ಲ. ಬ್ಯಾಗಿನಿಂದ ಓಆರ್‌ಎಸ್ ಪೊಟ್ಟಣ ತೆಗೆದು ಕೈಯಲ್ಲಿ ಹಿಡಿದು ನಿಂತರು. ಅಷ್ಟರಲ್ಲಿ ಒಂದು ಎಮ್ಮೆ ಬಾಲ ಎತ್ತಿತು.

“ಇವತ್ತು ಏಕಾದಶಿ,” ಎಂದು ಆಂಜನಪ್ಪ ನೀರು ಚೆಲ್ಲಿದರು.

“ಬೆಳಿಗ್ಗೆ ಎರಡು ಮುದ್ದೆ ಉಂಡ್ರಲ್ಲ ಮಾವ,” ಎಂದರು ಸುಕನ್ಯ.

ಆಮೇಲೆ ಯಾರೂ ಕೇಳದೆಯೇ ಆಂಜನಪ್ಪ ಬಾಯಿಬಿಟ್ಟರು. “ಅವಳ ನೀರಲ್ಲಿ ತಪ್ಪಿಲ್ಲ ಕಣಮ್ಮ. ನಂದು ಅಂತ ಬರ್ಕೋ. ಗಾಡಿ ಬಿಡಿಸ್ಕೊಡು.”

ಕುಂಟೆಯ ನೀರಿನಲ್ಲಿ ಅದೇ ರೋಗಾಣು, ಅದೇ ಜೀನುಗಳು ಸಿಕ್ಕವು. ಕುದಿಸಿ ಆರಿಸಿದ ನೀರಿನಲ್ಲೇ ಸೊಪ್ಪನ್ನು ತೊಳೆಯಬೇಕೆಂಬ ಷರತ್ತಿನ ಮೇಲೆ ಗಾಡಿ ತೆರೆಯಲು ಒಪ್ಪಿಗೆ ಬಂದಿದೆ. ಇನ್ನೊಂದು ಷರತ್ತು ಸುಕನ್ಯ ಅವರದು. ಸೋಮವಾರದಿಂದ ಆಂಜನಪ್ಪ, ಸೊಸೆಯ ಕಣ್ಣೆದುರಿಗೇ ಕೂತು, ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾರೆ.