ಕಂಡಕ್ಟರ್ ತಾತನಿಗೆ ನೀರು ಕುಡಿಸುವಾಕೆ

ಫೆಬ್ರವರಿ 17, ಸೋಮವಾರ, ಬೆಳಗಿನ 5 ಗಂಟೆ 40 ನಿಮಿಷ. ಮಂಚದಿಂದ ಬಚ್ಚಲಿನವರೆಗಿನ ನೆಲವನ್ನು ಆಕೆ ಮತ್ತೊಮ್ಮೆ ಒಣಬಟ್ಟೆಯಿಂದ ಒರೆಸುತ್ತಿದ್ದಾರೆ. ಮಂಚದ ಮೇಲಿರುವವರು ಎಪ್ಪತ್ತೆಂಟರ ನಿವೃತ್ತ ಬಸ್ ಕಂಡಕ್ಟರ್. ಅವರ ಮೂಳೆಗಳು ಸವೆದಿವೆ. ಜಾರಿ ಬಿದ್ದರೆ ಸೊಂಟ ಉಳಿಯುವುದು ಕಷ್ಟ. ಒರೆಸಿ ಎದ್ದವರೇ ಲೋಟ ಮುಂದೆ ಹಿಡಿಯುತ್ತಾರೆ.

"ಬೇಡಮ್ಮ. ಟ್ರಿಪ್ ಮುಗಿಯೋವರೆಗೂ ನೀರು ಮುಟ್ಟೋನಲ್ಲ ನಾನು."

"ಬಸ್ಸು ಡಿಪೋ ಸೇರಿ ಇಪ್ಪತ್ತು ವರ್ಷ ಆಯ್ತು ತಾತ. ಕುಡೀರಿ."

ದಾರಿಯಲ್ಲಿ ಇಳಿಯುವಂತಿಲ್ಲವೆಂದು ಸರ್ವಿಸ್ ಉದ್ದಕ್ಕೂ ಬಾಯಾರಿಕೆ ಕಟ್ಟಿಕೊಂಡೇ ಬಂದವರು ಅವರು. ಆ ಅಭ್ಯಾಸ ಈಗ ಅಪಾಯ.

ಆಕೆ ಮನೆಗಳಿಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವವರು. ಇಲ್ಲಿಗೆ ಬಂದದ್ದು ತಾತನ ಮಂಡಿನೋವಿನ ಸಲುವಾಗಿ. ಮಲಬದ್ಧತೆ, ಮಂಕು, ಪದೇ ಪದೇ ಮೂತ್ರ, ಎಲ್ಲವೂ ವಯಸ್ಸಿನ ಲೆಕ್ಕಕ್ಕೆ ಹೋಗಿದ್ದವು. "ಮಾತುಮಾತಿಗೂ ಜಗಳ ಆಡೋರು. ಒಂದು ವಾರ ನನ್ನನ್ನ ಬೈಲೇ ಇಲ್ಲ. ತಕ್ಷಣ ಅವರ ಮಗಳಿಗೆ ಹೇಳ್ದೆ," ಎನ್ನುತ್ತಾರೆ. ಅದನ್ನು ಕೇಳಿ ಮಗಳು ತಂದೆಯನ್ನು ವೈದ್ಯರಲ್ಲಿಗೆ ಕರೆದೊಯ್ದರು.

ಕಾಯಿಲೆ ಹೈಪರ್‌ಪ್ಯಾರಾಥೈರಾಯ್ಡಿಸಂ. ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟಿರಬೇಕಾದ ನಾಲ್ಕು ಗ್ರಂಥಿಗಳಲ್ಲಿ ಒಂದು ಊದಿಕೊಂಡು, ಮೂಳೆಯ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಸೆಳೆಯುತ್ತಿದೆ. ಆ ಗ್ರಂಥಿಯನ್ನು ತೆಗೆಯಲು ಬುಧವಾರ ದಿನ ಗೊತ್ತಾಗಿದೆ. ಆದರೆ ರಕ್ತದ ಕ್ಯಾಲ್ಸಿಯಂ ಮೊದಲು 12 ಮಿಲಿಗ್ರಾಂಗಿಂತ ಕೆಳಗಿಳಿಯಬೇಕು ಎಂದಿದ್ದಾರೆ ವೈದ್ಯರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದಾಗ 12.6 ಇತ್ತು. ಹೃದಯ, ಮೂತ್ರಪಿಂಡ ನೋಡಿ ಅವರು ಗೊತ್ತುಮಾಡಿದ ಅಳತೆ ದಿನಕ್ಕೆ ಎರಡೂವರೆ ಲೀಟರ್ ನೀರು. ಇಂದಿನ ಪರೀಕ್ಷೆಯಲ್ಲೂ ಇಳಿಯದಿದ್ದರೆ ಶಸ್ತ್ರಚಿಕಿತ್ಸೆ ಮುಂದಕ್ಕೆ.

ತಾತನ ಒಂದು ಲೋಟಕ್ಕೆ ಆಕೆಯೂ ಒಂದು ಲೋಟ ಕುಡಿಯುತ್ತಾರೆ. "ಹೆಂಗಸಿನ ಮುಂದೆ ಸೋಲೋಕೆ ಅವರಿಗೆ ಮನಸ್ಸಿಲ್ಲ. ಕೊನೆಗೆ ಬಚ್ಚಲಿಗೆ ಇಬ್ಬರೂ ಕ್ಯೂ."

ಮಗಳಿಗೆ ಅಂಜಿಕೆ. "ಸಂಜೆ ಮೇಲೆ ನೀರು ಬೇಡ ಅಕ್ಕ, ರಾತ್ರಿ ಎದ್ದು ಬಿದ್ದುಬಿಟ್ರೆ?"

"ಕೈ ಹಿಡಿಯೋಕೆ ತಾನೇ ನಾನಿರೋದು? ನೀರು ನಿಲ್ಸಿದ್ರೆ ಕ್ಯಾಲ್ಸಿಯಂ ಏರುತ್ತೆ ಅಂತ ಡಾಕ್ಟ್ರು ಹೇಳಿದ್ದು ನೀವೂ ಕೇಳಿದ್ರಿ."

ಆರೂವರೆಗೆ ಲ್ಯಾಬಿನವರು ರಕ್ತ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಆಕೆ ಕೂರುವುದಿಲ್ಲ. ಮಡಚಿದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಚುತ್ತಾರೆ. ಕಿಟಕಿಗೆ ಹೋಗಿ ಬರುತ್ತಾರೆ. ತಾತನ ತೋಳು ಹಿಡಿದು ವರಾಂಡದಲ್ಲಿ ಅಡ್ಡಾಡಿಸುತ್ತಾರೆ. ನಡೆಯದೆ ಬಿದ್ದುಕೊಂಡರೆ ಮೂಳೆ ಇನ್ನಷ್ಟು ಸವೆಯುತ್ತದೆ. ನಿಮಗೇನು ಆಸೆ ಎಂದು ಕೇಳಿದರೆ, "ಲ್ಯಾಬಿಂದ ಆ ಫೋನ್ ಬರ್ಲಿ. ಬೇರೇನೂ ತಲೇಲಿ ನಿಲ್ತಿಲ್ಲ," ಎನ್ನುತ್ತಾರೆ.

ಹನ್ನೊಂದು ಇಪ್ಪತ್ತಕ್ಕೆ ಮಗಳ ಫೋನ್ ಸದ್ದು ಮಾಡುತ್ತದೆ. ವರಾಂಡದಲ್ಲಿ ಇಬ್ಬರೂ ನಿಂತುಬಿಡುತ್ತಾರೆ. ಮಗಳು ಬಾಗಿಲಿಗೆ ಬಂದು ಓದಿ ಹೇಳುತ್ತಾರೆ: ನೂರು ಮಿಲಿಲೀಟರ್ ರಕ್ತದಲ್ಲಿ ಕ್ಯಾಲ್ಸಿಯಂ 11.7 ಮಿಲಿಗ್ರಾಂ.