ಹನುಮಮ್ಮ ಮುಟ್ಟಿದ್ದು

ಕಡಬದ ಕೆರೆ ಏರಿಯ ಕೆಳಗಿನ ಬೀದಿಯಲ್ಲಿ ಹನುಮಮ್ಮನ ಮನೆ ಎಂದರೆ ಹೆಂಗಸರು ಸ್ವಲ್ಪ ಆಚೆಯಿಂದಲೇ ನಡೆಯುತ್ತಿದ್ದರು. ಹನುಮಮ್ಮ ಜಗಳಗಂಟಿಯಲ್ಲ, ಕೈ ಬಿಗಿಯವಳೂ ಅಲ್ಲ. ಮಜ್ಜಿಗೆ ಕೇಳಿದರೆ ಚೊಂಬು ತುಂಬ ಕೊಡುವವಳು. ಆದರೆ ಕೊಡುವ ಮುಂಚೆ "ಯಾಕವ್ವ, ಸರೀಗಿದೀಯ ತಾನೆ?" ಎಂದು ಒಂದು ಪ್ರಶ್ನೆ ಹಾಕದೆ ಬಿಡುತ್ತಿರಲಿಲ್ಲ. ಸರಿಯಾಗಿರುವುದು ಎಂದರೆ ಏನು ಅಂತ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿತ್ತು. ಮುಟ್ಟಾದವಳು ಏನನ್ನೂ ಮುಟ್ಟಬಾರದು, ಅವಳನ್ನೂ ಯಾರೂ ಮುಟ್ಟಬಾರದು. ಹನುಮಮ್ಮನ ಧರ್ಮಶಾಸ್ತ್ರವೆಲ್ಲ ಇಷ್ಟೇ.

ಕೋರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಅತ್ತೆ ಒಂದು ಮಾತು ಹೇಳಿದ್ದಳು: ಮುಟ್ಟು ಮುಚ್ಚಿಟ್ಟರೆ ಮನೆಗೆ ಹಾವು ಬರುತ್ತದೆ. ತೊಂಬತ್ತೆರಡನೇ ಇಸವಿಯಲ್ಲಿ ಗಂಡ ದೊಡ್ಡರಂಗಯ್ಯ ತೆಂಗಿನ ತೋಟದಲ್ಲಿ ಹಾವು ಕಚ್ಚಿ ಸತ್ತ. ಆ ವಾರ ಹಬ್ಬದ ಅಡುಗೆಗೆಂದು ಹನುಮಮ್ಮ ಮುಟ್ಟಿನ ದಿನ ಮುಗಿಯಲು ಇನ್ನೊಂದು ದಿನ ಇರುವಾಗಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಿದ್ದಳು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳದ ಮಾತು ಹೊಟ್ಟೆಯಲ್ಲಿ ಬೆಳೆಯಿತು. ಎರಡು ಹಸು ಕಟ್ಟಿ, ಡೇರಿಗೆ ಹಾಲು ಹಾಕಿ, ಮಗ ಗಂಗರಾಜುವನ್ನು ಸಾಕಿದಳು. ಅದರ ಜೊತೆಗೆ ಈ ಭಯವನ್ನೂ ಸಾಕಿದಳು.

ಗಂಗರಾಜು ತುಮಕೂರು–ಕುಣಿಗಲ್ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆದ. ದಾರಿಯಲ್ಲೇ ಸಿಗುವ ಹೆಬ್ಬೂರಿನ ಅರುಣಾಳನ್ನು ಮದುವೆಯಾದ. ಅರುಣಾ ಪಿಯುಸಿ ಓದಿದ ಹುಡುಗಿ, ಆದರೂ ಅತ್ತೆಗೆ ಎದುರಾಡಿದವಳಲ್ಲ. ತಿಂಗಳಾದರೆ "ಅತ್ತೆ, ಹೊರಗಾದೆ" ಎಂದು ತಾನೇ ಚಾಪೆ ಸುತ್ತಿಕೊಂಡು ಹಿತ್ತಲ ಜಗುಲಿಗೆ ಹೋಗುತ್ತಿದ್ದಳು. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹನುಮಮ್ಮ ಬೀಗುತ್ತಿದ್ದಳು.

ಮೊದಲ ಮಗು ಕೃತಿಕಾ ಗುಬ್ಬಿಯಲ್ಲಿ ಆಪರೇಷನ್ ಆಗಿ ಹುಟ್ಟಿತು. ಹೊಲಿಗೆ ಬಿಚ್ಚುವಾಗ ಡಾಕ್ಟರು ಇನ್ನು ಎರಡು ಮೂರು ವರ್ಷ ಬಸಿರು ಬೇಡ ಎಂದಿದ್ದರು. ಮಗುವಿಗೆ ಒಂಬತ್ತು ತಿಂಗಳು, ಇನ್ನೂ ಎದೆಹಾಲು, ಮುಟ್ಟು ಮತ್ತೆ ಶುರುವಾಗಿಯೇ ಇಲ್ಲ; ಅಷ್ಟರಲ್ಲಿ ಅರುಣಾಳಿಗೆ ವಾಂತಿ. ಹನುಮಮ್ಮನಿಗೆ ಹೇಳಿದರೆ ಏನು ಉತ್ತರ ಬರುತ್ತದೆ ಎಂದು ಗಂಡಹೆಂಡತಿ ಇಬ್ಬರಿಗೂ ಗೊತ್ತಿತ್ತು: "ಇರ್ಲಿ ಬುಡ್ರೋ, ಗಂಡಾದ್ರೆ?" ಹಾಗಾಗಿ ಗಂಗರಾಜು ಕಡಬದವರ ಕಣ್ಣಿಗೆ ಬೀಳದ ಕುಣಿಗಲ್ಲಿನಲ್ಲಿ ಒಂದು ಮೆಡಿಕಲ್ ಶಾಪಿಗೆ ಹೋಗಿ, ತಗ್ಗಿದ ದನಿಯಲ್ಲಿ ಮುಟ್ಟು ಬರಿಸುವ ಮಾತ್ರೆ ಕೇಳಿದ.

"ಎಷ್ಟು ತಿಂಗ್ಳು?" ಎಂದ ಅಂಗಡಿಯವನು.

"ಒಂದೂವರೆ ಇರ್ಬೋದು ಸಾರ್."

ಮುಟ್ಟೇ ಬಾರದ ಹೊಟ್ಟೆಗೆ ಲೆಕ್ಕ ಹಿಡಿಯುವುದು ಎಲ್ಲಿಂದ? ಅಂಗಡಿಯವನು ಚೀಟಿ ಕೇಳಲಿಲ್ಲ, ಸ್ಕ್ಯಾನ್ ಆಯಿತಾ ಎನ್ನಲಿಲ್ಲ. ಪ್ಯಾಕೆಟ್ ಕೊಟ್ಟು ಮುಂದಿನ ಗಿರಾಕಿಯ ಕಡೆ ತಿರುಗಿದ. ಗಂಗರಾಜು ಅದನ್ನು ಹೆಂಡತಿಗೆ ಕೊಟ್ಟು ಡ್ಯೂಟಿಗೆ ಹೋದ. ಆ ವಾರ ಅವನಿಗೆ ರಾತ್ರಿಯೆಲ್ಲ ಕುಣಿಗಲ್ಲಿನಲ್ಲೇ ಹಾಲ್ಟ್.

ಗುರುವಾರ ಬೆಳಿಗ್ಗೆ ಅರುಣಾ "ಅತ್ತೆ, ಹೊರಗಾದೆ" ಎಂದಳು. ಎಂದಿನ ಮಾತು, ಎಂದಿನ ಚಾಪೆ. ಸುಳ್ಳು ಎನ್ನಲೂ ಆಗದಂಥ ಸುಳ್ಳು. ಹನುಮಮ್ಮನಿಗೆ ಸಂತೋಷವೇ ಆಯಿತು, ಸೊಸೆಯ ಮೈ ತಿರುಗಿ ದಾರಿಗೆ ಬಂತಲ್ಲ ಎಂದು. ತಟ್ಟೆ, ಲೋಟ ತೆಗೆದು ದೂರದಿಂದ ಸರಿಸಿದಳು.

ಎದೆಹಾಲಿನ ಮಗುವಿಗೆ ಮಾತ್ರ ಒಂದು ವಿನಾಯಿತಿ ಇತ್ತು. ಬಟ್ಟೆಗೆ ಮೈಲಿಗೆ ಅಂಟುತ್ತದೆ, ಬರಿಮೈಗೆ ಅಂಟುವುದಿಲ್ಲ. ಹಾಗಾಗಿ ಕೃತಿಕಾಳ ಅಂಗಿ ಬಿಚ್ಚಿ ಹೊಸ್ತಿಲ ಮೇಲೆ ಬಿಡುವುದು. ಅವಳು ಅಂಬೆಗಾಲಿಟ್ಟು ಅಮ್ಮನ ಹತ್ತಿರ ಹೋಗಿ ಹಾಲು ಕುಡಿದು, ಹಾಗೇ ಅಜ್ಜಿಯ ಹತ್ತಿರ ತಿರುಗಿ ಬರುವುದು. ಆ ಮನೆಯಲ್ಲಿ ಇಬ್ಬರನ್ನೂ ಮುಟ್ಟುತ್ತಿದ್ದದ್ದು ಆ ಕೂಸೊಂದೇ.

ಶುಕ್ರವಾರ ಸಂಜೆ ಅರುಣಾ ಗೋಡೆಗೆ ಒರಗಿಕೊಂಡೇ ಹೇಳಿದಳು: "ಅತ್ತೆ, ಜಾಸ್ತಿ ಹೋಗ್ತಾ ಇದೆ. ಹೊಟ್ಟೆ ಹಿಂಡ್ತದೆ. ಚಳಿನೂ ಆಗ್ತಿದೆ."

"ಬಾಣಂತನ ಆದ್ಮೇಲೆ ಮೊದಲ್ನೇದು ಹಂಗೇ ಕಣವ್ವ," ಎಂದಳು ಹನುಮಮ್ಮ. "ನಂಗೂ ಹಂಗೇ ಆಗಿತ್ತು. ಕೆಟ್ಟ ರಕ್ತ ಎಲ್ಲಾ ಹೋಗ್ಲಿ ಬುಡು." ಜೀರಿಗೆ ಕಷಾಯ ಕಾಸಿ ಲೋಟವನ್ನು ಕೋಲಿನಿಂದ ತಳ್ಳಿದಳು. ಅರುಣಾ ಗೋಡೆಯ ಕಡೆ ಹೊರಳಿ ಮಲಗಿದಳು. ಆ ಕಷಾಯ ಬೆಳಗಿನವರೆಗೂ ಅಲ್ಲೇ ಇತ್ತು, ಇರುವೆ ಮುತ್ತಿದ್ದವು. ಹನುಮಮ್ಮ ನೋಡಿದಳು, ಹುಡುಗಿಗೆ ಸೊಕ್ಕು ಎಂದುಕೊಂಡಳು.

ಶನಿವಾರ ಮನೆದೇವರ ದಿನ. ಹನುಮಮ್ಮ ಒದ್ದೆ ಸೀರೆಯುಟ್ಟು ಒಲೆಯ ಮುಂದೆ ಕೂತಿದ್ದಳು. ಹಿತ್ತಲಿನಿಂದ "ಅತ್ತೆ" ಎಂದು ದನಿ ಬಂತು. ಎದ್ದರೆ ಮಡಿ ಕೆಡುತ್ತದೆ. ನೈವೇದ್ಯ ಆಗಲಿ, ಆಮೇಲೆ ನೋಡಿದರಾಯಿತು. ಇನ್ನೊಂದು ಸಲ "ಅತ್ತೆ" ಎಂದಿತು, ಮೊದಲಿಗಿಂತ ಸಣ್ಣಗೆ. ಆಮೇಲೆ ಇಲ್ಲ. ಸದ್ದಿಲ್ಲದ್ದು ಹನುಮಮ್ಮನಿಗೆ ನೆಮ್ಮದಿಯೇ ಆಯಿತು.

ಹಾಲು ಕುಡಿಯಲು ಹೋಗಿದ್ದ ಕೃತಿಕಾ ಅಂಬೆಗಾಲಿಟ್ಟು ತಿರುಗಿ ಬಂದಳು. ಆಗ ತಾನೇ ಸಾರಿಸಿದ ನೆಲದ ಮೇಲೆ ಅವಳ ಹಿಂದೆ ಕೈಗುರುತು, ಮೊಳಕಾಲ ಗುರುತು, ಸಾಲಾಗಿ ಕೆಂಪಗೆ ಮೂಡಿದ್ದವು. ಮಗು ಅಜ್ಜಿಯ ಒದ್ದೆ ಸೀರೆಯನ್ನು ಎರಡೂ ಕೈಯಿಂದ ಹಿಡಿದು ಎದ್ದು ನಿಂತು ನಕ್ಕಿತು.

ಹನುಮಮ್ಮ ಹಿತ್ತಲಿಗೆ ಓಡಿದಳು. ಹೊಸ್ತಿಲವರೆಗೆ ಓಡಿದಳು, ಅಲ್ಲಿ ಕಾಲು ನಿಂತುಬಿಟ್ಟವು. ಅರುಣಾ ಪಕ್ಕಕ್ಕೆ ಒರಗಿ ಮಲಗಿದ್ದಳು. ಚಾಪೆಯ ಬಣ್ಣ ಕಾಣುತ್ತಿರಲಿಲ್ಲ. "ಅರುಣಾ, ಏನ್ಲೇ, ಏಳೇ" ಎಂದು ನಿಂತಲ್ಲಿಂದಲೇ ಕೂಗಿದಳು. ಚೊಂಬಿನಿಂದ ಮುಖಕ್ಕೆ ನೀರು ಎರಚಿದಳು. ಇಷ್ಟು ವರ್ಷ ತಡೆದಿದ್ದ ಹಾವು ಈಗ ಕಾಲ ಕೆಳಗೇ ಇದೆ ಎನಿಸಿತು. ಮುಟ್ಟಿದರೂ ಕೇಡು, ಮುಟ್ಟದಿದ್ದರೂ ಕೇಡು. ಕೊನೆಗೆ ಕಣ್ಣು ಮುಚ್ಚಿ ಕೈ ಚಾಚಿದಳು. ಸೊಸೆಯ ಕೆನ್ನೆ ತಣ್ಣಗಿತ್ತು.

ಪಕ್ಕದ ಮನೆ ರೇವಮ್ಮ ಕಿರುಚಾಟ ಕೇಳಿ ಓಡಿಬಂದು ಎಳನೀರು ತುಂಬುತ್ತಿದ್ದ ಟೆಂಪೋ ಕರೆಸಿದಳು, ಕೂಸನ್ನು ತಾನು ಎತ್ತಿಕೊಂಡಳು. ಗುಬ್ಬಿಯ ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಏರಿಸಿ ತುಮಕೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಹನುಮಮ್ಮ ಸೊಸೆಯ ತಲೆಯನ್ನು ತೊಡೆಯಿಂದ ಇಳಿಸಲಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಕೇಳಿದರು: "ಯಾವಾಗಿಂದ ಹೋಗ್ತಿದೆ? ಎಷ್ಟು ಬಟ್ಟೆ ಬದಲಾಯಿಸಿದ್ಲು? ಜ್ವರ ಇತ್ತಾ?"

"ಗೊತ್ತಿಲ್ಲ ಕಣವ್ವ."

"ಮನೇಲೇ ಇದ್ರಲ್ಲಮ್ಮ ನೀವು?"

"ಅವ್ಳು ಹೊರಗಿದ್ಲು," ಎಂದಳು ಹನುಮಮ್ಮ. ಹೇಳಿದ ಮೇಲೆ ಆ ಮಾತು ಅವಳಿಗೇ ಅಸಹ್ಯವಾಯಿತು.

ಬಸ್ಸು ಬಿಟ್ಟು ಓಡಿಬಂದ ಗಂಗರಾಜು ಗೋಡೆ ಹಿಡಿದು ನಿಂತ. "ಅವ್ವ, ಅದು ಮುಟ್ಟಲ್ಲ. ಮಾತ್ರೆ." ಹೊಡೆಯಲು ಎತ್ತಿದ ಕೈಯನ್ನು ಹನುಮಮ್ಮ ಹಾಗೇ ಇಳಿಸಿದಳು.

ಡಾಕ್ಟರು ಸಿಟ್ಟಿನಲ್ಲೇ ಬಿಡಿಸಿ ಹೇಳಿದರು. ಮಾತ್ರೆ ವಿಷವಲ್ಲ, ಸರಿಯಾಗಿ ಕೊಟ್ಟರೆ ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ಆದರೆ ಇವಳಿಗೆ ಒಂದೂವರೆ ಅಲ್ಲ, ಮೂರು ತಿಂಗಳು ದಾಟಿತ್ತು. ಅರ್ಧ ಹೋಗಿ ಅರ್ಧ ಒಳಗೇ ಉಳಿದು ನಂಜಾಗಿದೆ. "ಗಂಟೆಗೆ ಎರಡು ಪ್ಯಾಡ್ ನೆನೀತಾ ಹೋದ್ರೆ, ಜ್ವರ ಬಂದ್ರೆ, ತಲೆ ಸುತ್ತಿದ್ರೆ ಆಗ್ಲೇ ಕರ್ಕೊಂಡು ಬರ್ಬೇಕು. ಅದನ್ನ ನೋಡೋಕೆ ಪಕ್ಕದಲ್ಲಿ ಒಬ್ರು ಇರ್ಬೇಕಲ್ಲಮ್ಮ?"

ರಕ್ತ ಕೊಟ್ಟರು. ರಕ್ತ ನಿಲ್ಲಲಿಲ್ಲ. ಕೊನೆಗೆ ಗರ್ಭಕೋಶ ತೆಗೆದರು. ಅರುಣಾ ಉಳಿದಳು.

ಮನೆಗೆ ಬಂದು ಎರಡು ತಿಂಗಳಾಯಿತು. ಆ ಮನೆಯಲ್ಲಿ ಇನ್ನು ಹೊರಗೆ ಕೂರುವವರಿಲ್ಲ. ಹನುಮಮ್ಮ ಬಯಸಿದ್ದಂತೆ ತಿಂಗಳಿಡೀ ಮನೆ ಮಡಿ. ಆದರೆ ಅರುಣಾ ಕೆಲಸ ಮುಗಿದರೆ ತಾನಾಗಿಯೇ ಹೊಸ ಚಾಪೆ ತೆಗೆದುಕೊಂಡು ಹಿತ್ತಲ ಜಗುಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಒಳಗೆ ಬಾರವ್ವ ಎಂದರೆ "ಇಲ್ಲೇ ಅಭ್ಯಾಸ ಅತ್ತೆ" ಎನ್ನುತ್ತಿದ್ದಳು.

ಒಂದು ಶನಿವಾರ ಹನುಮಮ್ಮ ಒಲೆಯ ಮೇಲಿನ ನೈವೇದ್ಯ ಬಿಟ್ಟು, ಒದ್ದೆ ಸೀರೆಯಲ್ಲೇ ಹೋಗಿ ಆ ಚಾಪೆಯ ಮೇಲೆ ಕೂತು ಸೊಸೆಯ ಬೆನ್ನ ಮೇಲೆ ಕೈ ಇಟ್ಟಳು. ಬೆನ್ನು ಬಿಗಿಯಾಯಿತು.

"ಅವತ್ತು ಎರಡು ಸಲ ಕೂಗಿದ್ದೆ ಅತ್ತೆ," ಎಂದಳು ಅರುಣಾ, ಗೋಡೆಯ ಕಡೆಗೇ.

ಕೇಳಿಸಲಿಲ್ಲ ಎಂದು ಹೇಳಬಹುದಿತ್ತು. ಒಲೆಯ ಸದ್ದಿತ್ತು ಎನ್ನಬಹುದಿತ್ತು. ಹನುಮಮ್ಮ ಕೈ ತೆಗೆಯಲಿಲ್ಲ.

"ಕೇಳಿಸಿತ್ತು ಕಣವ್ವ," ಎಂದಳು.