ಫೋನ್ ಎತ್ತದ ಮೇಷ್ಟ್ರಿಗೆ ಶಾಲು

ಮಗಳು ದಿಶಾಳ ಹತ್ತನೇ ತರಗತಿಯ ಫಾರ್ಮಿನಲ್ಲಿ ‘ತಾಯಿಯ ವಿದ್ಯಾಭ್ಯಾಸ’ ಎಂದು ಕೇಳಿದ್ದ ಕಡೆ ಜಯಶೀಲ ಇಂಗ್ಲಿಷಿನಲ್ಲಿ ‘ಯೆಸ್’ ಎಂದು ಬರೆದುಬಿಟ್ಟ. ಅಂಬರನಾಥದ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನಡೆಸುತ್ತಿದ್ದ ಅವನಿಗೆ ಇಡ್ಲಿ ಹಿಟ್ಟಿನ ಹದದ ಮುಂದೆ ಉಳಿದದ್ದೆಲ್ಲ ಸಣ್ಣ ವಿಷಯ. ಇದ್ದದ್ದನ್ನು ಇದೆ ಎಂದು ಬರೆದರೆ ತಪ್ಪೇನು ಎಂದು ಹೆಂಡತಿಯನ್ನೇ ಕೇಳಿದ. ಪುಷ್ಪಾವತಿ ಎದ್ದು ಅಡುಗೆಮನೆಗೆ ಹೋದಳು. ಕಾರ್ಕಳದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಹತ್ತೊಂಬತ್ತಕ್ಕೆ ಮದುವೆಯಾಗಿ ಮುಂಬಯಿ ಹೊರವಲಯದ ಡೊಂಬಿವಲಿಗೆ ಬಂದ ಹೆಂಗಸು ಅವಳು. ಆ ರಾತ್ರಿ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಮುಂದಿನ ಭಾನುವಾರ ಠಾಣೆ ಶಹರಕ್ಕೆ ಹೋಗಿ, ಮುಕ್ತ ವಿಶ್ವವಿದ್ಯಾಲಯವೊಂದರ ಅಧ್ಯಯನ ಕೇಂದ್ರದಲ್ಲಿ ಕನ್ನಡ ಬಿ.ಎ.ಗೆ ಹೆಸರು ಬರೆಸಿ ಬಂದಳು. ಅದು 2007ನೇ ಇಸವಿ.

ಮೂರು ವರ್ಷದ ಓದು ಐದು ದಾಟಿ ಆರಕ್ಕೆ ಬಂತು. ನಡುವೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು, ದಿಶಾಳ ಹನ್ನೆರಡನೆಯ ತರಗತಿ ಬಂತು, ಭಾಷಾವಿಜ್ಞಾನದ ಪತ್ರಿಕೆ ಎರಡು ಸಲ ಕೈಕೊಟ್ಟಿತು. ಆದರೂ ಪುಷ್ಪಾವತಿ ಬಿಡಲಿಲ್ಲ. ಕುಕ್ಕರು ಕೂಗುವಷ್ಟರಲ್ಲಿ ಒಂದು ಪುಟ, ಮಿಕ್ಸಿ ತಿರುಗುವಷ್ಟರಲ್ಲಿ ಅರ್ಧ ಪುಟ ಎಂದು ಓದಿ ಎಲ್ಲ ಪತ್ರಿಕೆ ಮುಗಿಸಿದಳು. ಉಳಿದದ್ದು ಒಂದೇ, ಕೊನೆಯ ಕಿರುಪ್ರಬಂಧ. ಐವತ್ತು ಅಂಕ, ಪಾಸಾಗಲು ಇಪ್ಪತ್ತು. ಅದನ್ನು ಮಾರ್ಗದರ್ಶಕರು ಓದಿ, ಅಂಕದ ಫಾರ್ಮು ತುಂಬಿ, ಸಹಿ ಮಾಡಿ ಕೊಡಬೇಕು. 2013ರ ಫೆಬ್ರವರಿ ಇಪ್ಪತ್ತೆಂಟರೊಳಗೆ ಆ ಅಂಕ ವಿಶ್ವವಿದ್ಯಾಲಯಕ್ಕೆ ತಲುಪದಿದ್ದರೆ ಆರು ವರ್ಷದ ನೋಂದಣಿ ರದ್ದು. ಮತ್ತೆ ಒಂದನೇ ವರ್ಷದಿಂದ ಶುರು ಮಾಡಬೇಕು. ಮತ್ತೆ ಶುರು ಮಾಡುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಿರುಪ್ರಬಂಧದ ವಿಷಯ ಅವಳದೇ: ‘ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಕನ್ನಡ’. ಅದಕ್ಕಾಗಿ ಎರಡು ತಿಂಗಳು ಯಾವ ಕೆಲಸವೂ ಇಲ್ಲದೆ ಬೆಳಗಿನ ರೈಲು ಹತ್ತಿದಳು. ಡೊಂಬಿವಲಿಯಲ್ಲಿ ಬೆಳಗಿನ ರೈಲು ಹತ್ತುವವರಿಗೆಲ್ಲ ಒಂದು ಉದ್ದೇಶ ಇರುತ್ತದೆ. ಬರೀ ಮಾತು ಕೇಳಲು ಹತ್ತಿದವಳು ಇವಳೊಬ್ಬಳೇ ಇರಬೇಕು. ಮೊಣಕೈ ತಿವಿಸಿಕೊಂಡಳು, ಎರಡು ಚಪ್ಪಲಿ ಕಳೆದುಕೊಂಡಳು, ಅದೂ ಬೇರೆ ಬೇರೆ ಜೋಡಿಯವು. ಮೂವತ್ತೇಳು ಹೆಂಗಸರನ್ನು ಮಾತಾಡಿಸಿ, ನಲವತ್ತೆರಡು ಪುಟ ಕೈಯಲ್ಲೇ ಬರೆದು, 2012ರ ಆಗಸ್ಟಿನಲ್ಲಿ ಅಧ್ಯಯನ ಕೇಂದ್ರಕ್ಕೆ ಕೊಟ್ಟಳು. ಒಂದು ಜೆರಾಕ್ಸ್ ತಾನಿಟ್ಟುಕೊಂಡಳು.

ಮಾರ್ಗದರ್ಶಕರು ಡಾ. ಚಂದ್ರಶೇಖರ. ಮೈಸೂರಿನವರು, ನವಿ ಮುಂಬಯಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ, ಕಾಮೋಠೆಯಲ್ಲಿ ಮನೆ. ಇಷ್ಟು ಮಾಹಿತಿ ಕೇಂದ್ರದ ನೋಟೀಸು ಹಲಗೆಯ ಮೇಲಿತ್ತು. ಅವರನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಮಾತ್ರ ಯಾರೂ ಸಿಗಲಿಲ್ಲ.

ತಿಂಗಳ ಎರಡನೇ ಭಾನುವಾರ ಸಂಪರ್ಕ ತರಗತಿ. ಕೇಂದ್ರದ ಅಟೆಂಡರು ಹುಲಗಪ್ಪ ಕೊಠಡಿಯ ಬೀಗ ತೆಗೆಯುತ್ತಿದ್ದ, ಬೋರ್ಡು ಒರೆಸುತ್ತಿದ್ದ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುತ್ತಿದ್ದ. ಮೇಷ್ಟ್ರು ಮಾತ್ರ ಬರುತ್ತಿರಲಿಲ್ಲ.

“ಸರ್ ಇವತ್ತೂ ಬರುದಿಲ್ವಾ ಹುಲಗಪ್ಪ?”

“ಬರ್ತಾರ್ರೀ ಅಕ್ಕಾರ. ಬರ್ತೀನಿ ಅಂತ ಹೋದ ವರ್ಷನ ಹೇಳ್ಯಾರ.”

“ನನ್ನ ಪ್ರಬಂಧ ಅವರಿಗೆ ಸಿಕ್ಕಿದೆಯಾ?”

“ನಾನ ಕೈಯಾರೆ ಮನಿಗೆ ಮುಟ್ಟಿಸೀನ್ರೀ. ಓದ್ತಾರೋ ಏನು ತಲಿದಿಂಬು ಮಾಡ್ಕೋತಾರೋ, ಅದು ನನಗ ಗೊತ್ತಿಲ್ರೀ.”

ಫೋನು ಮಾಡಿದರೆ ಗಣಪತಿ ಸ್ತೋತ್ರದ ಕಾಲರ್ ಟ್ಯೂನು ಮೊದಲಿಂದ ಕೊನೆಯವರೆಗೆ ಹಾಡಿ ನಿಲ್ಲುತ್ತಿತ್ತು. ಸೆಪ್ಟೆಂಬರಿನ ಹೊತ್ತಿಗೆ ಪುಷ್ಪಾವತಿಗೆ ಆ ಸ್ತೋತ್ರ ಬಾಯಿಪಾಠವಾಯಿತು. ಆ ವರ್ಷ ಚೌತಿಯ ಪೂಜೆಗೆ ಪುಸ್ತಕ ಬೇಕಾಗಲಿಲ್ಲ. ಎಸ್ಸೆಮ್ಮೆಸ್ಸು ಹದಿನಾಲ್ಕು ಹೋಯಿತು. ಇಮೇಲು ಕಳಿಸುವ ಕೆಲಸ ದಿಶಾಳದು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

“ಮಮ್ಮಿ, ಸರ್ ಕಾ ಮೇಲ್‌ಬಾಕ್ಸ್ ಫುಲ್ ಹೈ. ಸಬ್ ವಾಪಸ್ ಆ ರಹಾ ಹೈ.”

ನವೆಂಬರಿನಲ್ಲಿ ಪುಷ್ಪಾವತಿ ಕಾಮೋಠೆಗೇ ಹೋದಳು. ಠಾಣೆಯಲ್ಲಿ ಗಾಡಿ ಬದಲಿಸಿ, ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು, ರಿಕ್ಷಾ ಹಿಡಿದು, ಅವರ ಹೌಸಿಂಗ್ ಸೊಸೈಟಿಯ ನಾಲ್ಕನೇ ಮಹಡಿ ಹತ್ತಿದಳು, ಲಿಫ್ಟು ಕೆಟ್ಟಿತ್ತು. ಕೈಯಲ್ಲಿ ಜಯಶೀಲ ಕೊಟ್ಟ ಬಾಳೆಹಣ್ಣಿನ ಹಲ್ವದ ಡಬ್ಬಿ. ಕಬ್ಬಿಣದ ಜಾಲಿ ಬಾಗಿಲಿನ ಹಿಂದಿನಿಂದ ಮೇಷ್ಟ್ರ ಹೆಂಡತಿ ಅಲಮೇಲು, ಅವರು ಪೂಜೆಗೆ ಕೂತಿದಾರೆ ಎಂದರು. ಪುಷ್ಪಾವತಿ ಮೆಟ್ಟಿಲ ಮೇಲೆ ಎರಡು ಗಂಟೆ ಕೂತಳು. ಪೂಜೆ ಮುಗಿಯಲಿಲ್ಲ, ಗಂಟೆಯ ಶಬ್ದವೂ ಕೇಳಲಿಲ್ಲ. ಕ್ರಿಕೆಟ್ಟಿನ ಕಾಮೆಂಟರಿ ಮಾತ್ರ ಚೆನ್ನಾಗಿ ಕೇಳಿಸಿತು. ಹಲ್ವ ಜಾಲಿಯ ಸಂದಿಯಿಂದ ಒಳಗೆ ಹೋಯಿತು, ಉತ್ತರ ಹೊರಗೆ ಬರಲಿಲ್ಲ.

ನಾಚಿಕೆಗೆಟ್ಟು ಬೇಡುವುದು ಅವಳ ಸ್ವಭಾವವಲ್ಲ. ವಾಪಸು ಬರುವಾಗ ರೈಲಿನಲ್ಲಿ ಕಣ್ಣು ಒರೆಸಿಕೊಂಡಳು. ಮನೆಗೆ ಬಂದದ್ದೇ ಜಯಶೀಲ, “ಹಲ್ವ ಹೇಗೆ ಉಂಟು ಅಂದ್ರಾ?” ಎಂದು ಕೇಳಿದ. ಅವಳು ಚಪ್ಪಲಿಯನ್ನು ಸ್ವಲ್ಪ ಜೋರಾಗಿಯೇ ಬಿಟ್ಟಳು.

ಜನವರಿ ಬಂತು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಈ ಊರುಗಳಲ್ಲಿ ಅರಸಿನ ಕುಂಕುಮದ ಭರಾಟೆ. ಕನ್ನಡ ಸಂಘದ ಮಹಿಳಾ ವಿಭಾಗದ ಸಭೆ ಅಧ್ಯಕ್ಷೆ ವನಮಾಲಾ ಅವರ ಮನೆಯಲ್ಲಿ ಸೇರಿತು. ಧಾರವಾಡ ಕಡೆಯ ವನಮಾಲಾ ಮುಖ್ಯ ಅತಿಥಿಗಳ ಪಟ್ಟಿ ಹಿಡಿದು ಹಲ್ಲು ಕಡಿಯುತ್ತಿದ್ದರು.

“ನೋಡ್ರೀ ಪುಷ್ಪಕ್ಕ, ಮುಖ್ಯ ಅತಿಥಿ ಅಂತ ಕರದ್ರ ಈ ಮಂದಿ ಫೋನ್ ಎತ್ತೂದಿಲ್ಲ. ಸನ್ಮಾನ ಮಾಡ್ತೀವಿ ಅನ್ರಿ, ಊಟ ಬಿಟ್ಟು ಓಡಿ ಬರ್ತಾರ!”

ಪುಷ್ಪಾವತಿಯ ಕೈಯಲ್ಲಿದ್ದ ಚಹದ ಕಪ್ಪು ನಿಂತಲ್ಲೇ ನಿಂತಿತು. ಮುಂಬಯಿಯ ಕನ್ನಡಿಗರಲ್ಲಿ ಸನ್ಮಾನ ಎಂದರೇನೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಕಟ್ಟು ಹಾಕಿಸಿದ ಸನ್ಮಾನ ಪತ್ರ, ಮರುದಿನ ಪೇಪರಿನಲ್ಲಿ ಫೋಟೋ. ವರ್ಷಕ್ಕೆ ಎರಡಾದರೂ ಶಾಲು ಹೊದೆಯದಿದ್ದರೆ ಕೆಲವರಿಗೆ ಚಳಿಗಾಲ ಕಳೆಯುವುದಿಲ್ಲ. ಅವಳು ಮೆಲ್ಲಗೆ ಮೇಷ್ಟ್ರ ಹೆಸರು ಹೇಳಿದಳು, ತನ್ನ ಕಥೆಯನ್ನೂ ಹೇಳಿದಳು. ಅರಸಿನ ಕುಂಕುಮಕ್ಕೆ ಗಂಡಸನ್ನು ಕರೆಯುವುದುಂಟೇ ಎಂದು ಯಾರೋ ತಗಾದೆ ತೆಗೆದರು.

“ಕುಂಕುಮ ನಾವು ಹಚ್ಕೊಳ್ಳೋಣು, ಶಾಲು ಅವರಿಗೆ ಹೊದಸೋಣು,” ಎಂದರು ವನಮಾಲಾ. “ಏನ್ ಗಂಟು ಹೋಗೂದೈತಿ?”

ಪುಷ್ಪಾವತಿಯ ನಂಬರು ಬೇಡವೆಂದು ವನಮಾಲಾರ ಫೋನಿನಿಂದ ಎಸ್ಸೆಮ್ಮೆಸ್ಸು ಹೋಯಿತು: ‘ತಮ್ಮ ಶೈಕ್ಷಣಿಕ ಸೇವೆಗಾಗಿ ತಮ್ಮನ್ನು ಸನ್ಮಾನಿಸಲು ನಿಶ್ಚಯಿಸಿದ್ದೇವೆ.’ ನಾಲ್ಕು ನಿಮಿಷದಲ್ಲಿ ಫೋನು ಬಂತು, ವನಮಾಲಾ ಸ್ಪೀಕರು ಹಾಕಿದರು. ಐದು ತಿಂಗಳು ಗಣಪತಿ ಸ್ತೋತ್ರ ಕೇಳಿದ್ದ ಪುಷ್ಪಾವತಿ ಮೊಟ್ಟಮೊದಲ ಸಲ ಮೇಷ್ಟ್ರ ಧ್ವನಿ ಕೇಳಿದಳು. ತುಂಬ ಮೃದುವಾದ ಧ್ವನಿ. “ಅಂಥಾದ್ದೇನು ಮಾಡಿದೀನಿ ನಾನು, ಇದೆಲ್ಲಾ ಯಾಕೆ ಬೇಕಿತ್ತಮ್ಮ,” ಎನ್ನುತ್ತ ಪೇಟದ ಅಳತೆ ಇಪ್ಪತ್ತೆರಡೂವರೆ ಇಂಚು ಎಂದು ತಾವಾಗಿಯೇ ತಿಳಿಸಿದರು. ಸಂಜೆಯೊಳಗೆ ಐದು ಪುಟದ ಪರಿಚಯ ಪತ್ರ ಬಂತು; ಅವರ ಇಮೇಲು ಹೊರಗೆ ಹೋಗುವಾಗ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಸನ್ಮಾನ ಪತ್ರ ಬರೆಯುವ ಹೊಣೆ ಪುಷ್ಪಾವತಿಯದಾಯಿತು. ಸುಳ್ಳು ಬರೆಯಬಾರದೆಂಬ ಹಟ ಅವಳದು. ‘ತಮ್ಮನ್ನು ಒಮ್ಮೆಯಾದರೂ ಕಾಣಬೇಕೆಂಬ ವಿದ್ಯಾರ್ಥಿಗಳ ಹಂಬಲ ವರ್ಷಗಟ್ಟಲೆ ಆರದಂತೆ ನೋಡಿಕೊಂಡವರು ತಾವು’ ಎಂದು ಬರೆದಳು. ‘ತಮಗೆ ಒಪ್ಪಿಸಿದ ಬರಹಗಳು ಇಂದಿಗೂ ತಮ್ಮ ಮನೆಯಲ್ಲಿ ಭದ್ರವಾಗಿವೆ’ ಎಂದೂ ಸೇರಿಸಿದಳು.

ರಥಸಪ್ತಮಿ ಭಾನುವಾರ ಬಿದ್ದಿತ್ತು. ಡೊಂಬಿವಲಿ ಪೂರ್ವದ ಸಭಾಗೃಹದಲ್ಲಿ ನೂರೈವತ್ತು ರೇಷ್ಮೆ ಸೀರೆಗಳ ನಡುವೆ ಮೇಷ್ಟ್ರು ಒಬ್ಬರೇ ಜರಿಪೇಟ ಸುತ್ತಿಕೊಂಡು ಮದುಮಗನಂತೆ ಕೂತರು. ಅಲಮೇಲು ಎಲ್ಲರ ಜೊತೆ ಅರಸಿನ ಕುಂಕುಮ ಹಚ್ಚಿಸಿಕೊಂಡು, ಸ್ಟೀಲು ಡಬ್ಬಿಯ ಬಾಗಿನ ಪಡೆದು, ಮುಂದಿನ ಸಾಲಿನಲ್ಲಿ ಕೂತಿದ್ದರು. ಪುಷ್ಪಾವತಿಯನ್ನು ಅವರು ಗುರುತಿಸಲಿಲ್ಲ. ಜಾಲಿಯ ಸಂದಿಯಿಂದ ಮುಖ ಪೂರ್ತಿ ಕಾಣುವುದಿಲ್ಲವಲ್ಲ. ಸನ್ಮಾನ ಪತ್ರ ಓದುವಾಗ ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ ಇಪ್ಪತ್ತೈದು ನಿಮಿಷ ಮಾತಾಡಿದರು. “ನನ್ನ ಮನೆ ಬಾಗಿಲು ವಿದ್ಯಾರ್ಥಿಗಳಿಗೆ ಸದಾ ತೆರೆದಿರುತ್ತೆ,” ಎಂದಾಗ ವನಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ವಂದನಾರ್ಪಣೆ ಪುಷ್ಪಾವತಿಯದು. ಮಂಟಪದವರಿಗೆ, ಮೈಕಿನವರಿಗೆ, ಉಪಾಹಾರ ಕೊಟ್ಟ ತನ್ನ ಗಂಡನಿಗೆ ವಂದಿಸಿದ ಮೇಲೆ ಮೇಷ್ಟ್ರ ಕಡೆ ತಿರುಗಿದಳು. “ಸನ್ಮಾನಿತರಿಗೆ ನಾನು ವಿಶೇಷವಾಗಿ ವಂದಿಸಬೇಕು, ಯಾಕಂದ್ರೆ ನಾನು ಅವರದೇ ವಿದ್ಯಾರ್ಥಿನಿ. ಆರು ತಿಂಗಳಿಂದ ನನ್ನ ಪ್ರಬಂಧ ಅವರ ಹತ್ರ ಉಂಟು. ಇನ್ನು ಹನ್ನೊಂದು ದಿನದಲ್ಲಿ ಅಂಕ ಬರದಿದ್ರೆ ನನ್ನ ಆರು ವರ್ಷ ಹೋಗ್ತದೆ.” ಅಷ್ಟು ಹೇಳಿ ಜೆರಾಕ್ಸ್ ಪ್ರತಿಯನ್ನು ಹಣ್ಣಿನ ಬುಟ್ಟಿಯ ಪಕ್ಕದಲ್ಲಿಟ್ಟಳು. ಸಭೆಗೆ ಏನರ್ಥವಾಯಿತೋ, ಜೋರಾಗಿ ಚಪ್ಪಾಳೆ ತಟ್ಟಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಪೇಟ ತೆಗೆಯದೆ ಕುರ್ಚಿಯಲ್ಲಿ ಕೂತರು. ಮುಖ ಕೆಂಪಾಗಿತ್ತು. “ಒಂದು ಮಾತು ಫೋನು ಮಾಡಿದ್ರೆ ಆಗ್ತಿತ್ತಲ್ಲಮ್ಮ,” ಎಂದರು. ಪುಷ್ಪಾವತಿ ಅಂಕದ ಫಾರ್ಮನ್ನೂ ಜೆರಾಕ್ಸ್ ಪ್ರತಿಯನ್ನೂ ಅವರ ಮುಂದಿಟ್ಟಳು. ಅವರು ಫಾರ್ಮನ್ನು ಎಳೆದುಕೊಂಡು ಪೆನ್ಸಿಲಿನಲ್ಲಿ ನಲವತ್ತಾರು ಎಂದು ಗುರುತು ಹಾಕಿದರು. ಪ್ರಬಂಧದ ಒಂದು ಹಾಳೆಯನ್ನೂ ತಿರುವಿರಲಿಲ್ಲ. ಪೆನ್ನಿಗಾಗಿ ಜೇಬು ತಡಕಿದರು.

ಬಾಗಿಲಲ್ಲಿ ಮಗಳೊಡನೆ ನಿಂತ ಜಯಶೀಲನ ಮುಖ ಅರಳಿತು. ಐವತ್ತಕ್ಕೆ ನಲವತ್ತಾರು! ಅವನ ಸೀಮೆಯಲ್ಲೇ ಅಷ್ಟು ಅಂಕ ಯಾರೂ ಕಂಡದ್ದಿಲ್ಲ.

ಪುಷ್ಪಾವತಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಎರಡು ತಿಂಗಳು ಮೊಣಕೈ ತಿವಿಸಿಕೊಂಡದ್ದು, ನಲವತ್ತೆರಡು ಪುಟ ಬರೆದದ್ದು ಈ ಮನುಷ್ಯನಿಗೆ ಬಟಾಟೆವಡೆ ಕಟ್ಟಿದ ಕಾಗದಕ್ಕೂ ಸಮವಲ್ಲ. ಆ ಕಾಗದವನ್ನಾದರೂ ಜನ ಬಿಡಿಸಿ ಓದುತ್ತಾರೆ. ಫಾರ್ಮಿನ ಮೇಲೆ ಕೈಯಿಟ್ಟುಬಿಟ್ಟಳು.

“ಓದಿ ಸರ್.”

“ಓದೋದು ಏನಿದೆ, ಚೆನ್ನಾಗೇ ಇರುತ್ತೆ ಬಿಡಿ.”

“ಇಲ್ಲ, ಓದಿ.”

“ನೋಡಿಮ್ಮಾ,” ಎಂದರು ಮೇಷ್ಟ್ರು, ಈಗ ಸ್ವಲ್ಪ ಪ್ರಾಮಾಣಿಕವಾಗಿ, “ಓದಿದ್ರೆ ಅಂಕ ಕಡಿಮೆ ಆಗುತ್ತೆ. ಫೇಲೂ ಆಗಬಹುದು.”

“ಆಗ್ಲಿ.”

“ನಿಕ್ಕ್ ಮರ್ಲಾ?” ಎಂದು ಜಯಶೀಲ ತುಳುವಿನಲ್ಲಿ ಕಿರುಚಿದ. ಹುಚ್ಚಾ ನಿನಗೆ ಎಂದು ಅವನು ಕೇಳಿದ್ದು ಮೇಷ್ಟ್ರಿಗೂ ಅರ್ಥವಾಯಿತು. ಆದರೆ ಅವಳು ಕೈ ತೆಗೆಯಲಿಲ್ಲ.

ಮೇಷ್ಟ್ರು ನಿಟ್ಟುಸಿರು ಬಿಟ್ಟು ಮೊದಲ ಪುಟ ತೆರೆದರು. ದಿಶಾ ಪರ್ಸಿನಿಂದ ಕೆಂಪು ಪೆನ್ನು ತೆಗೆದು ಕೊಟ್ಟಳು. ಹೊರಗೆ ಮೈಕಿನವರು ವಯರು ಸುತ್ತತೊಡಗಿದರು, ಕುರ್ಚಿ ಮಡಚುವ ಸದ್ದು ಕೇಳಿಸುತ್ತಿತ್ತು. ಮೊದಲ ನಾಲ್ಕು ಪುಟ ಮೇಷ್ಟ್ರು ಬಸ್ಸಿಗೆ ಹೊತ್ತಾದವರಂತೆ ಓದಿದರು. ಐದನೆಯದರಲ್ಲಿ ಒಂದು ಸಾಲಿಗೆ ಗೀಟು ಎಳೆದರು. ಒಂಬತ್ತನೆಯದರಲ್ಲಿ ಜೋರಾಗಿ ನಕ್ಕುಬಿಟ್ಟರು. ಹದಿಮೂರಕ್ಕೆ ಬರುವಾಗ ಪೇಟ ತೆಗೆದು ಪಕ್ಕಕ್ಕಿಟ್ಟರು.

“ಮೂವತ್ತೇಳು ಜನಾನ ಕೇಳಿ, ಎಲ್ಲ ಕನ್ನಡ ಹೆಂಗಸರೂ ಹೀಗೇ ಅಂತ ಬರೆದಿದೀರಲ್ಲ, ಇದು ತಪ್ಪು.”

“ಯಾಕೆ ಸರ್ ತಪ್ಪು? ನೀವು ಬೆಳಗಿನ ಗಾಡಿಯಲ್ಲಿ ಒಂದು ಸಲ ಬನ್ನಿ.”

“ಮಹಿಳಾ ಡಬ್ಬಿಗೆ ನಾನು ಹೇಗಮ್ಮ ಬರಲಿ?”

“ಮತ್ತೆ ತಪ್ಪು ಅಂತ ಹೇಗೆ ಹೇಳ್ತೀರಿ?”

ವಾದ ಕಾಲು ಗಂಟೆ ನಡೆಯಿತು. ಮೇಷ್ಟ್ರು ಮೇಜು ಕುಟ್ಟಿದರು, ಪುಷ್ಪಾವತಿ ಧ್ವನಿ ಏರಿಸಿದಳು, ಅಲಮೇಲು ಬಂದು ಇಣುಕಿ ಹೋದರು. ಆರು ವರ್ಷದಲ್ಲಿ ಅವಳಿಗೆ ಸಿಕ್ಕಿದ ಮೊದಲ ತರಗತಿ ಅದು. ಅವಳು ಅಷ್ಟು ಸುಖವಾಗಿ ಯಾರೊಡನೆಯೂ ಜಗಳವಾಡಿರಲಿಲ್ಲ.

ಏಳೂ ಕಾಲಿಗೆ ಓದು ಮುಗಿಯಿತು. ಮೇಷ್ಟ್ರು ನಲವತ್ತಾರನ್ನು ರಬ್ಬರಿನಿಂದ ಉಜ್ಜಿ, ಪೆನ್ನಿನಲ್ಲಿ ಮೂವತ್ತೊಂದು ಎಂದು ಬರೆದು, ಸಹಿ ಹಾಕಿ ಅವಳ ಕೈಗೆ ಕೊಟ್ಟರು. ಎದ್ದು ನಿಂತು, ಶಾಲು ಮಡಚಿಕೊಂಡು ಹೊರಟರು.

ಸಭಾಗೃಹದ ಮೆಟ್ಟಿಲ ಮೇಲೆ ಜಯಶೀಲ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. “ಹದಿನೈದು ಮಾರ್ಕು! ಕೈಗೆ ಬಂದದ್ದನ್ನು ನೀನೇ ಕಳಕೊಂಡಿ ಮಾರಾಯ್ತಿ. ಎಂತ ಸಿಕ್ಕಿತು ನಿಂಗೆ?”

ಪುಷ್ಪಾವತಿ ದೀಪದ ಕಂಬದ ಬೆಳಕಿನಲ್ಲಿ ಪುಟ ತಿರುವುತ್ತಿದ್ದಳು. ಎಲ್ಲೆಲ್ಲೂ ಕೆಂಪು ಗೀಟು, ಪ್ರಶ್ನೆಚಿಹ್ನೆ, ‘ಆಧಾರವೇನು?’, ‘ವಾಕ್ಯ ಉದ್ದವಾಯಿತು’. ಹದಿನೇಳನೇ ಪುಟದಲ್ಲಿ ಅವಳ ಬೆರಳು ನಿಂತಿತು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮೇಷ್ಟ್ರು ಬರೆದಿದ್ದರು: ‘ಇದು ನನಗೆ ಗೊತ್ತಿರಲಿಲ್ಲ.’

ಅವಳು ಅದನ್ನು ಗಂಡನಿಗೆ ತೋರಿಸಿದಳು. ಜಯಶೀಲ ಎರಡು ಸಲ ಓದಿದ. ಡಾಕ್ಟರೇಟು ಮಾಡಿದ, ಜರಿಪೇಟದ ಮನುಷ್ಯನಿಗೆ ಗೊತ್ತಿಲ್ಲದ್ದು ತನ್ನ ಅಡುಗೆಮನೆಯಲ್ಲಿ ಬರೆದದ್ದರಲ್ಲಿ ಇದೆಯೆಂಬುದು ಅವನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಎಂತದು ಅವರಿಗೆ ಗೊತ್ತಿಲ್ಲದ್ದು?”

“ಇಬ್ಬರು ಹೆಂಗಸರು,” ಎಂದಳು ಪುಷ್ಪಾವತಿ. “ನಾಲ್ಕು ವರ್ಷ ಎದುರುಬದುರು ಕೂತು ಹಿಂದಿಯಲ್ಲೇ ಮಾತಾಡ್ತಿದ್ರು. ಒಬ್ಬಳು ಕ್ರೋಶಾ ಹಾಕುವಾಗ ಬಾಯೊಳಗೇ ‘ಹನ್ನೊಂದು, ಹನ್ನೆರಡು’ ಅಂತ ಎಣಿಸಿದ್ದು ಕೇಳಿ ಇನ್ನೊಬ್ಬಳು ‘ಹದಿಮೂರು ಆಯ್ತಲ್ವಾ’ ಅಂದಳು. ಆಗಲೇ ಇಬ್ಬರೂ ಕನ್ನಡದವರು ಅಂತ ಗೊತ್ತಾದ್ದು. ನಾನು ಮತ್ತೆ ಎಲ್ಲರನ್ನೂ ಗಮನಿಸಿದೆ. ಸೀಟಿಗೆ ಹಿಂದಿಯಲ್ಲಿ ಜಗಳ, ತರಕಾರಿಗೆ ಮರಾಠಿಯಲ್ಲಿ ಚರ್ಚೆ. ಎಣಿಸುದು ಮಾತ್ರ ಎಲ್ಲರೂ ಅವರವರ ಮನೆಯ ಭಾಷೆಯಲ್ಲಿ.”

ಜಯಶೀಲ ಬಾಯಿ ತೆರೆದು ಕೇಳುತ್ತಿದ್ದ. ದಿಶಾ ರಿಕ್ಷಾ ನಿಲ್ಲಿಸಿ ಕೂಗಿದಳು. ಅವನು ಮಗಳಿಗೆ ಸ್ವಲ್ಪ ತಡೆಯಲು ಕೈಸನ್ನೆ ಮಾಡಿ, ಮೆಟ್ಟಿಲ ಮೇಲೆ ಹೆಂಡತಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ.

“ಮೊದಲಿಂದ ಓದು ಮಾರಾಯ್ತಿ,” ಎಂದ.